ನೆಲವಿಲ್ಲದ ಡೇರೆ

ಡೇರೆಯ ಭಾರ ಉಳಿಸಲು ಹೋದ ನಮ್ಮ ಪಕ್ಕದ ಮನೆ ಬಿಹಿಗೆ ಕೆರ್ದೂಸ್ ಘಾಟಿಯಲ್ಲಿ ಏನಾಯಿತು, ಊಹಿಸಿ ನೋಡೋಣ? ಚೇಳು ಅಂತೀರಿ. ಎಲ್ಲರೂ ಚೇಳು ಅಂತಲೇ ಅನ್ನುತ್ತಾರೆ. ಚೇಳಾಗಿದ್ದರೆ ಪುಣ್ಯ! ಚಹಾ ಬಗ್ಗಿಸಿಕೊಳ್ಳಿ, ಹೇಳುತ್ತೇನೆ... ತಿನ್ನುವುದು ಮಾತ್ರ ಬೇಡ, ವಾಂತಿಯಾದೀತು.

ಮರುದಿನ ಬಕ್ರೀದ್. ಅಪ್ಪ ತೀರಿಕೊಂಡ ಮೇಲೆ, ಊರಲ್ಲಿ ಅಮ್ಮನ ಟಗರಿಗೆ ಕತ್ತಿ ಹಿಡಿಯಬೇಕಾದವನು ಬಿಹಿಯೇ. ತಪ್ಪಿಸುವಂತಿಲ್ಲ. ಆದರೂ ತಿಜ್ನಿತ್ ಪಟ್ಟಣದ ಅಕ್ಕನ ಮನೆಯಿಂದ ಸೈಕಲ್ಲಿನಲ್ಲೇ ಹೋಗುತ್ತೇನೆ, ಘಾಟಿಯಲ್ಲಿ ಮಲಗೆದ್ದು ನಸುಕಿಗೆ ಮನೆ ಸೇರುತ್ತೇನೆ ಅಂತ ಹಟ. ಚಾಪೆಯ ಮೇಲೆ ಎರಡು ಡೇರೆ ಹರಡಿಕೊಂಡು ಕೂತಿದ್ದ. ಒಂದಕ್ಕೆ ಕೆಳಗೆ ಹೊಲಿದ ನೆಲ, ಸೊಳ್ಳೆಪರದೆ ಎಲ್ಲ ಇತ್ತು. ಇನ್ನೊಂದು ಸೈಕಲ್ಲನ್ನೇ ಕಂಬ ಮಾಡಿ ಹೊದಿಸುವ ಬರೀ ಬಟ್ಟೆ.

"ಇದೇನೋ, ಡೇರೆನೋ ಕರವಸ್ತ್ರಾನೋ?" ಅಂದಳು ಅಕ್ಕ ತೂಡಾ. "ನೆಲ ಇರೋದನ್ನ ತಗೊಳ್ಳೋ."

"ಅದು ಭಾರ ಕಣೇ ಅಕ್ಕಾ. ಘಾಟಿ ಹತ್ತೋದು ನೀನಾ, ನಾನಾ? ನೆಲ ಎಲ್ಲಾ ಕಡೆ ಇರತ್ತೆ, ಹೊತ್ಕೊಂಡು ಹೋಗ್ಬೇಕಾ?"

ಬಟ್ಟೆಯನ್ನೇ ಆರಿಸಿದ.

ಘಾಟಿಯ ನೆತ್ತಿಗೆ ಬರುವಾಗ ಸರಿರಾತ್ರಿ. ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ. ಟಿಕ್... ಟಿಕ್... ಟಿಕ್... ಹಿಂದಿನ ಚಕ್ರದ ಸದ್ದು. ಪಾಳುಬಾವಿಯೊಂದು ಕಂಡಿತು. ಪಕ್ಕದಲ್ಲಿ ಮಟ್ಟಸ ಜಾಗ. ನಮ್ಮಲ್ಲಿ ಯಾರದೇ ಜಾಗದಲ್ಲಿ ತಂಗುವ ಮುಂಚೆ ಕೂಗಿ ಹೇಳಬೇಕಲ್ಲ, ಅಭ್ಯಾಸಬಲ, ಕೂಗಿಯೇಬಿಟ್ಟ.

"ದೇವರ ಅತಿಥಿ ಬಂದಿದೀನಿ!"

ಬಾವಿಯ ರಾಟೆ ಕಿರ್ರ್... ಅಂದಿತು. ಹಗ್ಗವೇ ಇರಲಿಲ್ಲ.

"ಬಾ... ಹಾಸಿದೀನಿ."

ಪಿಸುಮಾತು. ಮುದುಕನದೋ ಮುದುಕಿಯದೋ... ಸುತ್ತ ನೋಡಿದ, ಯಾರೂ ಇಲ್ಲ. ಬೇರೆಯವರಾಗಿದ್ದರೆ ಓಡುತ್ತಿದ್ದರು. ನಮ್ಮವನು ಓಡಲಿಲ್ಲ! ಕರೆದ ಮೇಲೆ ಹೊರಟುಹೋದರೆ ಕರೆದವರಿಗೆ ಅವಮಾನವಲ್ಲವೇ? ಯಾರೋ ಕುರಿ ಕಾಯುವವರಿರಬೇಕು ಅಂದುಕೊಂಡು ಬಟ್ಟೆ ಹೊದಿಸಿ, ಕತ್ತಲಲ್ಲೇ ಒಳಗೆ ತೆವಳಿದ. ನೆಲ ಮೆತ್ತಗಿತ್ತು. ಮಲಗಿದ್ದೇ ನಿದ್ದೆ.

ಎಚ್ಚರವಾದದ್ದು ವಾಸನೆಗೆ. ಹಸಿ ರಕ್ತ, ಹುಳಿ ಹಾಲು, ಉಚ್ಚೆ ಹೊಯ್ದ ಉಣ್ಣೆ... ಮೂರೂ ಒಟ್ಟಿಗೆ ಮೂಗಿಗೆ ಹತ್ತಿದವು. ಕೆನ್ನೆ ಯಾವುದಕ್ಕೋ ಅಂಟಿಕೊಂಡಿತ್ತು. ಎತ್ತಿದರೆ... ಪಚ್. ತುಟಿಯ ಮೇಲೆ ಲೋಳೆ. ಬಾಯೊಳಗೂ ಹೋಗಿತ್ತು.

"ಬೆಚ್ಚಗಿದೆಯಾ?"

ಈ ಸಲ ದನಿ ಅವನ ಕಿವಿಯ ಕೆಳಗೇ.

ಬ್ಯಾಟರಿ ಹಾಕಿದ. ಆಗಷ್ಟೇ ಸುಲಿದ ಕುರಿಯ ಚರ್ಮ. ಹಸಿ ಬದಿ ಮೇಲಕ್ಕೆ. ಹಳದಿ ಕೊಬ್ಬಿನ ಗಂಟು ಅವನ ಗಡ್ಡಕ್ಕೆ ಮೆತ್ತಿತ್ತು. ಚರ್ಮ ಇನ್ನೂ ಹಬೆಯಾಡುತ್ತಿತ್ತು. ಕಕ್ಕುತ್ತಲೇ ಅಂಚು ಮಡಿಸಿ ನೋಡಿದ. ಬಿಳಿ ಉಣ್ಣೆಯ ಹಣೆಯ ಮೇಲೆ ಹಸಿ ಮದರಂಗಿಯ ಅಂಗೈ ಗುರುತು. ಬೆರಳು ನಾಲ್ಕೇ.

ಅವನ ಅಮ್ಮನ ಕೈಗೂ ಕಿರುಬೆರಳಿಲ್ಲ.

ಬಟ್ಟೆ ಅಲ್ಲೇ ಬಿಟ್ಟ. ಇಳಿಜಾರಿನಲ್ಲಿ ಬ್ರೇಕೇ ಹಿಡಿಯಲಿಲ್ಲ. ನಸುಕಿಗೆ ಮನೆ ಸೇರಿ ನೇರ ಕೊಟ್ಟಿಗೆಗೆ ಓಡಿದ. ಟಗರು ನಿಂತಿತ್ತು. ಮೈಮೇಲಿನ ಚರ್ಮ ನೆಟ್ಟಗಿತ್ತು, ಮೆಲುಕು ಹಾಕುತ್ತಿತ್ತು. ಬಿಹಿ ನೆಲಕ್ಕೆ ಕುಸಿದು ನಕ್ಕ.

ಅಮ್ಮ ದೀಪ ಹಿಡಿದು ಬಂದಳು. "ಥೂ, ಏನೋ ಇದು ಗಬ್ಬುವಾಸನೆ? ಎಲ್ಲಿ ಬಿದ್ದೆದ್ದು ಬಂದ್ಯೋ?" ಅಂದವಳು ದೀಪವನ್ನು ಟಗರಿನ ಮುಖದ ಹತ್ತಿರ ಹಿಡಿದಳು. "ನಿನ್ನೆ ಸಂಜೆ ಇದರ ಹಣೆಗೆ ಮದರಂಗಿ ಹಚ್ಚಿದ್ನಲ್ಲೋ..."

ಅವಳ ಅಂಗೈ ಇನ್ನೂ ಕೆಂಪಗಿತ್ತು. ಟಗರಿನ ಹಣೆ ಬೆಳ್ಳಗಿತ್ತು.

ಬಿಹಿ ಕತ್ತಿ ಮುಟ್ಟಲೊಲ್ಲೆ ಅಂದ, ಆ ವರ್ಷ ಅವರ ಮನೆಯಲ್ಲಿ ಕತ್ತಿ ಹಿಡಿದವನು ನಾನು. ಸುಳ್ಳಲ್ಲ, ಬೇಕಾದರೆ ಅವನ ಅಮ್ಮನನ್ನು ಕೇಳಿ. ಟಗರನ್ನು ಸುಲಿದಾಗ ಚರ್ಮದ ಒಳಬದಿಗೆ ಬಿಹಿಯ ಗಡ್ಡದ ಕೂದಲು ಅಂಟಿದ್ದವು. ಬಿಹಿ ಆ ಚರ್ಮದ ಮೇಲೆ ಮಲಗಿದ್ದು ಹಬ್ಬದ ಹಿಂದಿನ ರಾತ್ರಿ, ನಮ್ಮ ಸೀಮೆಯಲ್ಲೆಲ್ಲೂ ಹಬ್ಬದ ಒಂದು ಕುರಿಯನ್ನೂ ಇನ್ನೂ ಕೊಯ್ದಿರದ ರಾತ್ರಿ: 2019ರ ಆಗಸ್ಟ್ 11, ಭಾನುವಾರ.