ಅರ್ಧಕ್ಕೆ ನಿಂತ ಹಾಡು

ಮಳೆಗೆ ಹಡಗು ನಿಂತುಹೋಗಿ ನಾನೂ ನನ್ನ ಗೆಳೆಯರೂ ಬಂದರಿನ ಕಾಫಿ ಅಂಗಡಿಯಲ್ಲಿ ಸಿಕ್ಕಿಕೊಂಡಿದ್ದೆವು. ಅಪ್ಪನನ್ನು ಸಮುದ್ರ ನುಂಗಿದಾಗಿನಿಂದ ನನಗೆ ಹಡಗೆಂದರೆ ಆಗದು. ಆದರೂ ಏಥೆನ್ಸಿನ ಗೆಳೆಯ ಥಾನೋಸ್ ಬಿಡದೆ, ಆಚೆ ದಡದ ಪುರಾತನ ರಂಗಮಂದಿರ ನೋಡಲು ಹೊರಡಿಸಿದ್ದ. ಅದರ ವೇದಿಕೆಯ ನಡುಗಲ್ಲಿನ ಮೇಲೆ ನಿಂತು ಪಿಸುಗುಟ್ಟಿದರೂ ಮೇಲ್ತುದಿಯ ಕಲ್ಲಾಸನಗಳ ಸಾಲಿಗೆ ಕೇಳುತ್ತದಂತೆ ಎಂದು ಅವನು ಹೇಳಿದ್ದೇ ತಡ, ಒಲೆಯ ಪಕ್ಕದಲ್ಲಿದ್ದ ಕಲಿರೊಯಿ ಎಂಬ ಕಪ್ಪು ಬಟ್ಟೆಯ ಮುದುಕಿ ನಮ್ಮತ್ತ ತಿರುಗಿದಳು.

"ಕೇಳುತ್ತೆ ಕಣ್ರೋ. ಯಾರ್ಯಾರಿಗೆ ಕೇಳುತ್ತೆ, ಅದು ಗೊತ್ತಾ ನಿಮ್ಗೆ? ಹತ್ರ ಬನ್ನಿ, ಹಡಗೇನು ಈಗ್ಲೇ ಬರಲ್ಲ.

"ನನ್ನ ಗೆಳತಿ ಇವಾಂಥಿಯಾ ಅಂತ. ಅವಳ ತಮ್ಮ ಸ್ಟ್ರಾಟಿಸ್ ಸಮುದ್ರದ ತಳದಲ್ಲಿ ಬೆಳೆಯೋ ಸ್ಪಂಜು ಕೀಳೋಕೆ ಇಳಿದೋನು ಮೇಲೆ ಬರ್ಲಿಲ್ಲ, ಹೆಣಾನೂ ಸಿಗ್ಲಿಲ್ಲ. ನಮ್ಮಲ್ಲಿ ಹೆಣದ ತಲೆ ಹತ್ರ ಕೂತು ಹೆಂಗಸರು ಹಾಡಿ ಅತ್ತು ಕಳಿಸ್ಬೇಕು, ಹಾಡದೇ ಇದ್ರೆ, ಇಲ್ಲಾ ಹಾಡನ್ನ ಅರ್ಧಕ್ಕೆ ಬಿಟ್ರೆ ಸತ್ತೋನು ಹೋಗದೆ ಕಾಯ್ತಾ ಕೂರ್ತಾನೆ... ಹೆಣಾನೇ ಇಲ್ದೆ ಎಲ್ಲಿ ಕೂತು ಹಾಡೋದು? ದ್ರಾಕ್ಷಿ ಕೊಯ್ಲು ಮುಗಿಸಿ ನಾವು ಹೆಂಗಸರೆಲ್ಲ ಬಸ್ಸು ಮಾಡ್ಕೊಂಡು ಆ ರಂಗಮಂದಿರ ನೋಡೋಕೆ ಹೋದ್ವಿ. ನಾವು ತುದಿಗೆ ಹತ್ತಿ ನಗ್ತಾ ಕೂತಿದ್ರೆ ಇವಳು ನಡುಗಲ್ಲಿನ ಮೇಲೆ ನಿಂತು ತಮ್ಮನ ಹಾಡು ಎತ್ಕೊಂಡ್ಳು. ಅರ್ಧಕ್ಕೆ ಬಂದಿದ್ಳು, ಕಾವಲಿನೋನು ಸೀಟಿ ಊದಿದ, ಇಲ್ಲಿ ಹಾಡಂಗಿಲ್ಲ ಅಂತ. ಬೆಚ್ಚಿ ನಿಲ್ಲಿಸ್ಬಿಟ್ಳು.

"ಬಿಸಿಲಿಗೆ ಕಲ್ಲು ಸುಡ್ತಿತ್ತು, ಆದ್ರೆ ನನ್ನ ಪಕ್ಕದ ಕಲ್ಲು ಒದ್ದೆ... ಉಪ್ಪುನೀರಿನ ವಾಸನೆ. 'ಅಕ್ಕ ಯಾಕೆ ನಿಲ್ಲಿಸಿದ್ಳು?' ಅಂತ ಕಿವಿ ಹತ್ರಾನೇ ಕೇಳಿದ. ನನ್ನ ಮದ್ವೇಲಿ ಕುಣಿದ ಹುಡುಗನ ದನಿ ನನಗೆ ಗೊತ್ತಿಲ್ವಾ?

"ಓಡಿಳಿದು ಹೇಳ್ದೆ. ಇವಾಂಥಿಯಾ ಅಳಲಿಲ್ಲ, ತಲೆವಸ್ತ್ರ ಬಿಗಿದು ಕಟ್ಕೊಂಡು 'ಮುಗಿಸ್ದೆ ಇಲ್ಲಿಂದ ಕದಲಲ್ಲ' ಅಂದ್ಳು. ನಾವು ಕೈಕೈ ಹಿಡ್ಕೊಂಡು ಅವಳ ಸುತ್ತ ನಿಂತ್ವಿ. 'ಊದಪ್ಪ, ಎಷ್ಟು ಊದ್ತೀಯೋ ಊದು' ಅಂದೆ ಆ ಕಾವಲಿನೋನಿಗೆ. ಅವಳು ಮೊದಲಿಂದ ಹಾಡಿ ಮುಗಿಸಿದ್ಳು. ಮೇಲೆ ಹತ್ತಿ ನೋಡಿದ್ರೆ ಆ ಕಲ್ಲು ಒಣಗಿತ್ತು. ಸ್ಟ್ರಾಟಿಸ್ ಹೋಗಿದ್ದ. ಆದ್ರೆ ಅಂಥಾ ಜಾಗದಲ್ಲಿ ಹಾಡು ಅವನೊಬ್ಬನಿಗೇ ಕೇಳ್ಸುತ್ತಾ? ತಿರುಗಿದ್ರೆ... ಸಾಲುಸಾಲು ಕಲ್ಲು ಒದ್ದೆ."

"ಮಳೆ ಬಂದಿರ್ಬೇಕು ಅಜ್ಜಿ," ಎಂದ ಥಾನೋಸ್.

"ನಿನ್ನ ತಲೇಲಿ ಬಂದಿತ್ತು. ಸುಮ್ನೆ ಕೇಳು. ಪ್ರತಿ ಕೊಯ್ಲಿನ ಮೇಲೂ ಹೋಗ್ತೀನಿ ನಾನು. ಈಗೀಗ ಅವರು ನನ್ನ ಕಣ್ಣಿಗೂ ಕಾಣ್ತಾರೆ. ಅವರವರ ಮನೆ ಹೆಂಗಸರು ಬಂದು ಹಾಡಿದ್ರೆ ಎದ್ದು ಹೋಗ್ತಾರೆ, ಉಳಿದೋರು ಕಾಯ್ತಾರೆ." ಅವಳು ನನ್ನನ್ನೇ ನೋಡಿದಳು. "ತುದಿ ಸಾಲಲ್ಲಿ ಒಬ್ಬ ಇದಾನೆ. ನಿನ್ನಂಥದೇ ಹುಬ್ಬು. ಎಡಗೈಲಿ ಎರಡು ಬೆರಳಿಲ್ಲ."

ಬಲೆಯ ಹಗ್ಗಕ್ಕೆ ಸಿಕ್ಕಿ ಅಪ್ಪನ ಬೆರಳು ಹೋದದ್ದನ್ನು ಗೆಳೆಯರಿಗೂ ಹೇಳಿರಲಿಲ್ಲ. ಅವನು ಬಂದೇ ಬರುತ್ತಾನೆಂದು ಅಮ್ಮ ಇವತ್ತಿಗೂ ಬಾಗಿಲ ಅಗುಳಿ ಹಾಕುವುದಿಲ್ಲ. ಅವನಿಗಾಗಿ ಒಂದು ಸಾಲೂ ಹಾಡಿಲ್ಲ.

"ಅಮ್ಮನ್ನ ಕರ್ಕೊಂಡು ಹೋಗ್ತೀನಿ," ಎಂದೆ. "ಎಷ್ಟು ಹಟ ಮಾಡಿದ್ರೂ ಸರಿ, ಒಪ್ಪಿಸ್ತೀನಿ."

"ಒಪ್ಪಿಸು ಮಗಾ. ಶುರು ಮಾಡಿದ್ರೆ ಮುಗಿಸ್ಲೇಬೇಕು ಅಂತ ಹೇಳು..." ಮುದುಕಿ ಕಾಫಿಯ ಕೊನೆಯ ಗುಟುಕು ಕುಡಿದಳು. "ನಿಮ್ಮಪ್ಪ ಪಕ್ಕದ ಕಲ್ಲಿನ ಮೇಲೆ ತನ್ನ ಟೋಪಿ ಇಟ್ಟು, ಅವಳಿಗೆ ಅಂತ ಜಾಗ ಹಿಡಿದಿಟ್ಟಿದಾನೆ."