ಲಾಂಡ್ರಿ ಸಾಲಿನ ದೀಪದ ಕಂಬದಿಂದ ಏಣಿ ತೆಗೆದ ವಿಚಾರ

ನನ್ನ ಹೆಸರು ಮೇಲೆ ಬರೆದುಕೊಂಡಿರುವಂತೆ. ಸಾಲಿನಲ್ಲಿ ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದು. ವಯಸ್ಸು ನಲವತ್ತೊಂಬತ್ತು. ಉದ್ಯೋಗ, ಆಸ್ಪತ್ರೆ ಮತ್ತು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಿಸುವುದು. ವಾಸ, ಅದೇ ಲಾಂಡ್ರಿಯ ಹಿಂದಿನ ಸಾಲಿನ ಒಂಬತ್ತನೇ ಕೋಣೆ. ನನ್ನ ಮೇಲೆ ಬಂದಿರುವ ದೂರನ್ನು ಓದಿಸಿ ಕೇಳಿಕೊಂಡ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ಏಣಿ ತೆಗೆದದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಬರೆದುಕೊಳ್ಳುವವರಿಗೂ ಸುಲಭ. ಯಾಕೆ ತೆಗೆದೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಸಾಲಿನಲ್ಲಿ ಮೂವತ್ತೆಂಟು ಕೋಣೆಗಳಿವೆ. ಲಾಂಡ್ರಿಯ ಹಿಂಬಾಗಿಲಿನಿಂದ ಸಾಲಿಗೆ ಬರುವ ಓಣಿ ಸುಮಾರು ಇನ್ನೂರು ಅಡಿ ಉದ್ದ. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ತೆರೆದ ಚರಂಡಿ. ಎರಡನೇ ಪಾಳಿ ಬಿಡುವುದು ರಾತ್ರಿ ಹತ್ತಕ್ಕೆ. ಓಣಿಯಲ್ಲಿ ದೀಪ ಇರಲಿಲ್ಲ. ಮುಂದಿನವರ ಹೆಗಲ ಮೇಲೆ ಹಿಂದಿನವರು ಕೈಯಿಟ್ಟುಕೊಂಡು ಬರುತ್ತಿದ್ದೆವು. ಎರಡು ವರ್ಷದ ಹಿಂದೆ ಹಾಗೆ ಬರುವಾಗ ನನ್ನ ತಂಗಿ ಚರಂಡಿಗೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಮಣಿಕಟ್ಟು ತಿರುಗುವುದಿಲ್ಲ. ದೊಡ್ಡ ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು. ಎದುರುಬದುರು ನಿಂತು ತುದಿ ಹಿಡಿದು ಇಬ್ಬರ ಮಣಿಕಟ್ಟೂ ಒಂದೇ ಸಲ ತಿರುಗಬೇಕು. ಹದಿನಾಲ್ಕು ವರ್ಷ ನನ್ನ ಎದುರು ತುದಿಯಲ್ಲಿ ನಿಂತವಳು ಅವಳು. ಈಗ ಅಲ್ಲಿ ಬೇರೆಯವರು ನಿಲ್ಲುತ್ತಾರೆ. ತಂಗಿ ಕೋಣೆಯಲ್ಲಿ ಕೂತು ಎಡಗೈಯಲ್ಲಿ ದಿಂಬಿನ ಚೀಲಗಳಿಗೆ ಗುಂಡಿ ಹೊಲಿಯುತ್ತಾಳೆ.

ದೀಪ ಬೇಕೆಂದು ನಾವು ಎರಡೂ ಪಕ್ಷಗಳ ಕಚೇರಿಗೆ ಹೋಗಿದ್ದೆವು. ಬೀಗದ ಗುರುತಿನ ಪಕ್ಷದ ಕಚೇರಿಯಲ್ಲಿ ಈಗಿನ ದೂರುದಾರರು ಇದ್ದರು. ಅವರ ಪೂರ್ತಿ ಹೆಸರು ದೂರಿನಿಂದಲೇ ನನಗೆ ತಿಳಿಯಿತು. ಏನು ಕೇಳಿದರೂ "ಆಗೋಯ್ತು ಅಂದ್ಕೊಳ್ಳಿ" ಎನ್ನುವುದರಿಂದ ಸಾಲಿನವರು ಅವರನ್ನು ಆಗೋಯ್ತಣ್ಣ ಎಂದು ಕರೆಯುತ್ತೇವೆ. ಅವರು, "ನೀವು ನಮ್ಮ ಮನೆಯವರೇ ಅಲ್ವಾ ದೊಡ್ಡಕ್ಕಾ, ಮನೆಯವರಿಗೆ ಯಾರಾದ್ರೂ ಉಪಚಾರ ಮಾಡ್ತಾರಾ?" ಎಂದು ನಕ್ಕರು. ಬಾಚಣಿಗೆ ಗುರುತಿನ ಪಕ್ಷದ ಕಚೇರಿಯಲ್ಲಿ, ನಿಮ್ಮ ಸಾಲಿನ ಓಟು ಯಾವಾಗಲೂ ಬೀಗಕ್ಕೇ ಹೋಗುತ್ತದೆ, ಅವರನ್ನೇ ಕೇಳಿ ಎಂದರು. ಒಬ್ಬರಿಗೆ ನಾವು ಖಾತ್ರಿಯಾಗಿ ಸಿಕ್ಕವರು, ಇನ್ನೊಬ್ಬರಿಗೆ ಖಾತ್ರಿಯಾಗಿ ಸಿಗದವರು. ಎರಡೂ ಕಡೆ ಕುಡಿಯಲು ನೀರು ಕೊಟ್ಟರು.

ಚುನಾವಣೆಗೆ ಐದು ತಿಂಗಳಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಸಮೀಕ್ಷೆ ಮಾಡುವ ಹುಡುಗಿ ನನ್ನ ಕೋಣೆಗೆ ಬಂದಳು. ಸಾಲಿನಲ್ಲಿ ನನ್ನೊಬ್ಬಳನ್ನೇ ಆರಿಸಿದ್ದು ಕಂಪ್ಯೂಟರ್ ಎಂದಳು. ಮೊಬೈಲು ನೋಡಿಕೊಂಡು, ಸರ್ಕಾರದ ಬಗ್ಗೆ ತುಂಬಾ ತೃಪ್ತಿಯೇ, ಸ್ವಲ್ಪ ತೃಪ್ತಿಯೇ, ಸ್ವಲ್ಪ ಬೇಸರವೇ, ತುಂಬಾ ಬೇಸರವೇ ಎಂದು ಒಂದೊಂದಾಗಿ ಕೇಳಿದಳು. ಕೊನೆಗೆ, ಇವತ್ತೇ ಮತದಾನವಾದರೆ ಯಾರಿಗೆ ಎಂದಳು. ನಾನು ಹಿಂದಿನ ದಿನ ಎರಡು ಪಾಳಿ ಒಟ್ಟಿಗೆ ಮಾಡಿದ್ದೆ. ಮಾತು ಮುಗಿದರೆ ಸಾಕು ಅನ್ನಿಸಿ, ಇನ್ನೂ ತೀರ್ಮಾನ ಮಾಡಿಲ್ಲ ಎಂದೆ. ಅಲ್ಲಿಯವರೆಗೆ ಬಾಗಿಲ ಕಡೆ ನೋಡುತ್ತಿದ್ದ ಹುಡುಗಿ ಆಗ ನನ್ನ ಮುಖ ನೋಡಿದಳು. ಕೋಣೆಯ ನಂಬರು ಇನ್ನೊಮ್ಮೆ ಕೇಳಿದಳು. ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಭರವಸೆ ಕೊಟ್ಟಳು.

ಮಂಗಳವಾರ ಬಾಚಣಿಗೆ ಪಕ್ಷದವರು ಬಂದು ನನ್ನ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದರು. ಬುಧವಾರ ಆಗೋಯ್ತಣ್ಣ ಬಂದು ಒಂದು ಫ್ಲಾಸ್ಕು ಕೊಟ್ಟು ಹೋದರು. ನನ್ನ ಎಡಬಲದ ಕೋಣೆಗಳಿಗೆ ಯಾರೂ ಹೋಗಲಿಲ್ಲ. ಗುರುವಾರ ನಲ್ಲಿಯ ಹತ್ತಿರ, ಹನ್ನೆರಡನೇ ಕೋಣೆಯಾಕೆ (ಎಲ್ಲರ ಸುದ್ದಿಯೂ ಅವಳಲ್ಲಿ ಸಿಗುವುದರಿಂದ ಪೇಪರಕ್ಕ ಎಂದು ಕರೆಯುತ್ತೇವೆ) ನನ್ನನ್ನು ಹಿಡಿದು ನಿಲ್ಲಿಸಿ, "ಏನು ದೊಡ್ಡಕ್ಕಾ, ನಿನ್ನ ಮನೆಗೆ ಬೀಗರ ಸಾಲು? ಅದೇನು ಮದ್ದು ಹಾಕಿದೆ?" ಎಂದು ಕೇಳಿದಳು. ಗೊತ್ತಿಲ್ಲ ಅಂದೆ ಅಷ್ಟೆ ಎಂದು ನಾನು ಹೇಳಲಾಗಿ, "ಗೊತ್ತಿಲ್ಲ ಅಂದಿದ್ದಕ್ಕೆ ಫ್ಲಾಸ್ಕಾ? ಸ್ಕೂಲಲ್ಲಿ ನಾನಂದಾಗ ಬರೀ ಬೆತ್ತ ಸಿಕ್ತಿತ್ತು" ಎಂದಳು. ಎಲ್ಲರೂ ನಕ್ಕರು. ನಕ್ಕಿದ್ದು ನಿಂತ ಮೇಲೆ ಸ್ವಲ್ಪ ಹೊತ್ತು ಯಾರೂ ಕೊಡ ಎತ್ತಲಿಲ್ಲ. ದೂರಿನಲ್ಲಿ ಪಿತೂರಿ ಎಂದು ಬರೆದಿರುವುದು ಈ ಹೊತ್ತನ್ನೇ ಆದರೆ, ಅದು ಇಷ್ಟೇ.

ಮುಂದಿನ ತಿಂಗಳು ಸಮೀಕ್ಷೆಯವರು ಮತ್ತೆ ಬಂದರು. ಈ ಸಲ ಎಲ್ಲ ಕೋಣೆಗಳಿಗೂ ಹೋದರು. ಮೂವತ್ತೇಳು ಕೋಣೆಯವರು ಇನ್ನೂ ತೀರ್ಮಾನ ಮಾಡಿಲ್ಲ ಎಂದರು. ಮೂವತ್ತೆಂಟನೆಯದು ಇಸ್ತ್ರಿ ತಾತನ ಕೋಣೆ. ತಾತ ನಲವತ್ತು ವರ್ಷದಿಂದ ಬೀಗದ ಪಕ್ಷದವರು. ಹಿಂದಿನ ವಾರವೆಲ್ಲ ನಾವು ಅವರಿಗೆ ಹೇಳಿಕೊಡಲು ನೋಡಿದ್ದೆವು. "ಬಾಯಿಗೇ ಬರ್ತಿಲ್ಲ ಕಣವ್ವ, ಹೆಂಡ್ತಿ ಹೆಸರು ಕೇಳಿದ್ರೆ ಗೊತ್ತಿಲ್ಲ ಅಂದ ಹಾಗಾಗುತ್ತೆ" ಎನ್ನುತ್ತಿದ್ದರು. ಹುಡುಗಿ ಕೇಳಿದಾಗ ತಾತ ನನ್ನ ತಂಗಿ ಗುಂಡಿ ಹೊಲಿಯುತ್ತಿದ್ದ ಕಡೆ ನೋಡಿ, ನನಗೂ ಗೊತ್ತಿಲ್ಲ ಎಂದು ಹೇಳಿ ಒಳಗೆ ಹೋದರು. ಆ ದಿನ ಊಟ ಮಾಡಲಿಲ್ಲ ಎಂದು ಸೊಸೆ ಹೇಳಿದಳು.

ಆಮೇಲೆ ನಮ್ಮ ಓಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಾಚಣಿಗೆಯವರು ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿದರು. ಅದಾದ ಎಂಟನೆಯ ದಿನ ಆಗೋಯ್ತಣ್ಣ ಕಂಬ ತಂದು ನೆಡಿಸಿ, ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿದರು. ಅವರು ಹೇಳಿದ್ದು ಒಂದಾದರೂ ಆಗಿಹೋದದ್ದು ಅದೇ ಮೊದಲು; ಅವರಿಗೇ ಆಶ್ಚರ್ಯವಾದಂತೆ ಕಂಡಿತು. ಪಕ್ಷದ ನಾಯಕರು ಕಂಬದ ಕೆಳಗೆ ನಿಂತು, ತಂಗಿಯ ವಿಷಯ ಕೇಳಿ ತಿಳಿದು, ಅವಳ ಬಲಗೈ ಹಿಡಿದು ಮೇಲೆತ್ತಿ ಫೋಟೋ ತೆಗೆಸಿಕೊಂಡರು. "ಇದು ನಿಮ್ಮ ದೀಪ" ಎಂದರು. ಅಷ್ಟು ಎತ್ತಿದರೆ ಆ ಕೈ ನೋಯುತ್ತದೆ. ದೀಪ ಪಕ್ಷದ ಸೊತ್ತಲ್ಲವೇ ಎಂದು ಈಗ ಠಾಣೆಯ ಸಾಹೇಬರು ಕೇಳುತ್ತಿರುವುದರಿಂದ, ನಿಮ್ಮ ದೀಪ ಎಂಬ ಆ ಮಾತನ್ನು ಇಡೀ ಸಾಲು ಕೇಳಿದೆ ಎಂದು ಬರೆಸುತ್ತಿದ್ದೇನೆ.

ಆ ರಾತ್ರಿ ಪಾಳಿ ಬಿಟ್ಟು ಬರುವಾಗಲೂ ನಾವು ಅಭ್ಯಾಸಬಲದಿಂದ ಹೆಗಲ ಮೇಲೆ ಕೈಯಿಟ್ಟುಕೊಂಡೇ ಬಂದೆವು. ಅರ್ಧ ದಾರಿಯಲ್ಲಿ ಯಾರೋ ನಗಲು ಶುರು ಮಾಡಿದರು.

ಮತದಾನದ ದಿನ ಮಧ್ಯಾಹ್ನ ನಾನು ಮತ ಹಾಕಿದೆ. ಯಾರಿಗೆ ಹಾಕಿದೆ ಎಂದು ಇಲ್ಲಿ ನನ್ನನ್ನು ಎರಡು ಸಲ ಕೇಳಲಾಯಿತು. ಉದ್ದೇಶ ತಿಳಿಯಲು ಬೇಕು ಎಂದರು. ನಾನು ಹೇಳಿಲ್ಲ, ಹೇಳುವುದಿಲ್ಲ. ಆದರೆ ಒಂದನ್ನು ಬರೆದುಕೊಳ್ಳಬಹುದು. ಐದು ತಿಂಗಳು ಗೊತ್ತಿಲ್ಲ ಗೊತ್ತಿಲ್ಲ ಎಂದು ಹೇಳಿದ್ದು, ರಟ್ಟಿನ ಮರೆಯ ಹಿಂದೆ ಒಬ್ಬಳೇ ನಿಂತಾಗ ನಿಜವಾಗಿತ್ತು. ಹಿಂದಿನ ಚುನಾವಣೆಗಳಲ್ಲಿ ಕೈ ತಾನಾಗಿ ಹೋಗುತ್ತಿತ್ತು. ಈ ಸಲ ನಾನು ಕಳಿಸಬೇಕಾಯಿತು. ತಡವಾದ್ದರಿಂದ ಆಚೆ ಕೂತಿದ್ದ ಅಧಿಕಾರಿ, "ಏನಮ್ಮಾ, ಗುಂಡಿ ಗೊತ್ತಾಗ್ಲಿಲ್ವಾ?" ಎಂದು ಕೇಳಿದರು. "ಗುಂಡಿ ಗೊತ್ತು ಸಾರ್, ಸ್ವಲ್ಪ ತಾಳಿ" ಎಂದೆ. ಸಾಲಿನಲ್ಲಿ ಯಾರೂ ಯಾರನ್ನೂ ಯಾರಿಗೆ ಹಾಕಿದೆ ಎಂದು ಕೇಳಲಿಲ್ಲ. ಪೇಪರಕ್ಕ ಕೂಡ ಕೇಳಲಿಲ್ಲ.

ಎಣಿಕೆಯಲ್ಲಿ ಬೀಗದ ಪಕ್ಷ ಸೋತಿತು. ನಮ್ಮ ಮತಗಟ್ಟೆಯಲ್ಲಿ ಅವರಿಗೆ ಹಿಂದೆಂದಿಗಿಂತ ಕಡಿಮೆ ಮತ ಬಿದ್ದವಂತೆ. ಮಾರನೇ ದಿನ, ಅಂದರೆ ನಿನ್ನೆ, ಸಂಜೆ ನಾಲ್ಕೂವರೆಗೆ ಆಗೋಯ್ತಣ್ಣ ಒಂದು ಸಾಮಾನು ಆಟೋದಲ್ಲಿ ಏಣಿ ತಂದರು. ಏಣಿ ಇಳಿಸಿಕೊಟ್ಟು ಆಟೋದವನು ಟೀ ಕುಡಿಯಲು ಹೋದ. ದೂರುದಾರರು ತಾವೇ ಕಂಬ ಹತ್ತಿ, ದೀಪದ ಕೆಳಗಿರುವ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಕೂತು, ವೈರು ಬಿಡಿಸತೊಡಗಿದರು. ನನಗೆ ನಿನ್ನೆ ಮೊದಲ ಪಾಳಿ ಇದ್ದುದರಿಂದ ಮನೆಯಲ್ಲಿದ್ದೆ. ಹೊರಗೆ ಬಂದು, ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. "ಓಟು ಹಾಕದೋರಿಗೆ ಬೆಳಕು ಯಾಕೆ? ಉಂಡ ಮನೆಗೆ ದ್ರೋಹ ಮಾಡಿದ್ರಲ್ಲಾ, ಕತ್ತಲಲ್ಲೇ ಬಿದ್ದಿರಿ" ಎಂದರು. ಚಪ್ಪಡಿ ಹಾಕಿದವರು ಚಪ್ಪಡಿ ಕೀಳಲು ಬಂದಿಲ್ಲವಲ್ಲ ಎಂದೆ. "ಅವ್ರು ಗೆದ್ದಿದಾರೆ" ಎಂದರು. ಇಳಿಯಿರಿ ಎಂದು ಮೂರು ಸಲ ಹೇಳಿದೆ. ಅವರು ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಲಿಲ್ಲ.

ನಾನು ಏಣಿಯ ಒಂದು ತುದಿ ಹಿಡಿದೆ. ಇನ್ನೊಂದು ತುದಿ ಹಿಡಿಯಲು ಯಾರನ್ನೂ ಕರೆಯಲಿಲ್ಲ. ತಿರುಗಿ ನೋಡಿದರೆ ತಂಗಿ ಎಡಗೈಯನ್ನೂ ಬಲ ಮೊಣಕೈಯನ್ನೂ ಒಡ್ಡಿ ಎದುರು ತುದಿಯಲ್ಲಿ ನಿಂತಿದ್ದಳು. ಇಬ್ಬರೂ ಒಂದೇ ಸಲ ಎತ್ತಿದೆವು. ಹೆಜ್ಜೆ ತಪ್ಪಲಿಲ್ಲ.

ಏಣಿ ಬಚ್ಚಿಟ್ಟೆನೆಂಬ ದೂರು ಸರಿಯಲ್ಲ. ಅದು ನಮ್ಮ ಕೋಣೆಯಲ್ಲಿ ಹಿಡಿಸಲಿಲ್ಲ; ಬಾಗಿಲಿನಿಂದ ನಾಲ್ಕಡಿ ಹೊರಗೆ ಚಾಚಿಕೊಂಡೇ ಇತ್ತು, ಬೇಕಾದವರು ನೋಡಬಹುದಿತ್ತು.

ಕೊಲ್ಲಲು ನೋಡಿದರು ಎಂಬುದೂ ಸರಿಯಲ್ಲ. ಕೈ ಜಾರಿದರೆ ಇರಲಿ ಎಂದು ನಮ್ಮಲ್ಲಿ ನಾಲ್ವರು ಹೋಟೆಲಿನ ದೊಡ್ಡ ಹಾಸುಬಟ್ಟೆಯನ್ನು ಜೋಡಿ ಮಡಿಕೆ ಮಾಡಿ, ಕಂಬದ ಕೆಳಗೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಅವರ ಕೈ ನೋಯುವಾಗ ಬೇರೆ ನಾಲ್ವರು ಹಿಡಿದರು. ಹಗ್ಗ ಮೇಲಕ್ಕೆಸೆದು, ಅದಕ್ಕೆ ಕಟ್ಟಿ ದೂರುದಾರರಿಗೆ ಟೀ ಕಳಿಸಿದೆವು. ಅವರೇ ಕೊಟ್ಟ ಫ್ಲಾಸ್ಕಿನಲ್ಲಿ ಕಳಿಸಿದ್ದರಿಂದ ಬಿಸಿ ಇತ್ತು. ಅವರು ಕುಡಿದರು. ನಡುವೆ ಅವರ ನಾಯಕರಿಗೆ ಫೋನು ಮಾಡಿದರು. ನಾಯಕರು ಸಭೆಯಲ್ಲಿದ್ದಾರೆ ಎಂದು ಆ ಕಡೆಯಿಂದ ಹೇಳಿದ್ದು ಕೆಳಗಿನವರಿಗೂ ಕೇಳಿಸಿತು.

ಅವಮಾನ ಮಾಡಿದರು ಎಂಬ ಬಗ್ಗೆ: ಪೇಪರಕ್ಕ ಕೆಳಗೆ ನಿಂತು ಸಮೀಕ್ಷೆಯ ಹುಡುಗಿಯ ದನಿಯಲ್ಲಿ, "ಸಾರ್, ಎರಡೇ ನಿಮಿಷ. ಈ ಕಂಬದ ಬಗ್ಗೆ ತಮಗೆ ತುಂಬಾ ತೃಪ್ತಿನಾ, ಸ್ವಲ್ಪ ತೃಪ್ತಿನಾ, ಸ್ವಲ್ಪ ಬೇಸರನಾ?" ಎಂದು ಕೇಳಿದ್ದು ನಿಜ. ಇವತ್ತೇ ಇಳಿಯುವುದಾದರೆ ಯಾವ ಕಡೆ ಇಳಿಯುತ್ತೀರಿ ಎಂದೂ ಕೇಳಿದಳು. ನೀವು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಆ ಹೊತ್ತಿಗೆ ಕಂಬದ ಕೆಳಗೆ ಸುಮಾರು ತೊಂಬತ್ತು ಜನ ಇದ್ದರು. ದೂರುದಾರರು ಮೊದಲು ಬೈದರು. ಬೈಗುಳ ಇಲ್ಲಿ ಬೇಡ. ನಂತರ, "ತುಂಬಾ ಬೇಸರ" ಎಂದರು. ಆಗ ಯಾರೂ ನಗಲಿಲ್ಲ.

ನಾನು ಕೇಳಿದ್ದು ಒಂದೇ: ಬಿಡಿಸಿದ ವೈರು ಮೊದಲಿನಂತೆ ಕೂಡಿಸಿ, ಏಣಿ ತರುತ್ತೇವೆ. ಆಗೋಯ್ತು ಅಂದ್ಕೊಳ್ಳಿ, ಮೊದಲು ಏಣಿ ತನ್ನಿ ಎಂದರು. ಆದ ಮೇಲೆ ಅಂದುಕೊಳ್ಳುತ್ತೇವೆ ಎಂದೆ. ಆರೂ ಕಾಲಿಗೆ ಅವರು ವೈರು ಕೂಡಿಸಿ ಸ್ಕ್ರೂ ಬಿಗಿ ಮಾಡಿದರು. ನಾವು ಕತ್ತಲಾಗುವುದನ್ನು ಕಾಯುತ್ತ ನಿಂತೆವು. ಆರೂ ಮುಕ್ಕಾಲಿಗೆ ದೀಪ ತಾನಾಗಿ ಹೊತ್ತಿಕೊಂಡಿತು. ಅವರ ಮುಖದಿಂದ ಒಂದಡಿ ದೂರದಲ್ಲಿ ಹೊತ್ತಿದ್ದರಿಂದ ಕಣ್ಣು ಮುಚ್ಚಿಕೊಂಡರು. ನಾನೂ ತಂಗಿಯೂ ಕೂಡಲೇ ಏಣಿ ತಂದು ಒರಗಿಸಿದೆವು. ಇಸ್ತ್ರಿ ತಾತ ಬಂದು ಏಣಿಯ ಬುಡ ಹಿಡಿದು, "ನಿಧಾನ ಕಣಪ್ಪ, ಕೆಳಗಿನ ಮೆಟ್ಲು ಸಡಿಲ ಇದೆ" ಎಂದರು. ದೂರುದಾರರು ಇಳಿದು, ಯಾರ ಮುಖವನ್ನೂ ನೋಡದೆ, ತಾತನ ಕೈ ಮುಟ್ಟಿ ಹೊರಟುಹೋದರು.

ಈ ಹೇಳಿಕೆಯನ್ನು ಬರೆಯುವಾಗ ಒಂದು ಕಡೆ "ದುಡುಕಿ ಏಣಿ ತೆಗೆದಿರುತ್ತೇನೆ" ಎಂದು ಬರೆಯಲಾಗಿತ್ತು. ನಾನು ದುಡುಕಿಲ್ಲವಾದ್ದರಿಂದ ಆ ಪದವನ್ನು ಹೊಡೆದುಹಾಕಿಸಿದ್ದೇನೆ. ವಿಷಾದ ವ್ಯಕ್ತಪಡಿಸಿದರೆ ದೂರು ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತದೆ, ಲಾಂಡ್ರಿಯವರಿಗೂ ತಿಳಿಸಬೇಕಾಗುತ್ತದೆ ಎಂದು ಸಾಹೇಬರು ಹೇಳಿದರು. ನನಗೆ ವಿಷಾದ ಇಲ್ಲ. ಲಾಂಡ್ರಿಗೆ ನಾನೇ ಹೇಳಿ ಬಂದಿದ್ದೇನೆ.

ದೂರುದಾರರು ಮತ್ತೊಮ್ಮೆ ಏಣಿ ತಂದು ದೀಪ ಇಳಿಸಲು ಹತ್ತಿದರೆ ನಾನು ಅಡ್ಡಿಪಡಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಲು ಒಪ್ಪುತ್ತೀರಾ ಎಂದು ಕಡೆಯದಾಗಿ ಕೇಳಲಾಯಿತು.

ಆ ಬಗ್ಗೆ ನಾನು ಇನ್ನೂ ತೀರ್ಮಾನ ಮಾಡಿಲ್ಲ.

ಇಷ್ಟನ್ನೂ ಮೊದಲು ಓದಿಸಿ ಕೇಳಿದ್ದೇನೆ, ಆಮೇಲೆ ನಾನೇ ಓದಿದ್ದೇನೆ. ನಡೆದದ್ದು ನಡೆದ ಹಾಗೇ ಇದೆ. ಹೊಡೆದುಹಾಕಿದ ಒಂದು ಪದದ ಪಕ್ಕದಲ್ಲೂ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಮೇಜು
ದಿನಾಂಕ: ಮತ ಎಣಿಕೆಯಾದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದೂವರೆ
ಸಹಿ: (ಒಂಬತ್ತನೇ ಕೋಣೆ, ದೊಡ್ಡಕ್ಕ)
ಸಾಕ್ಷಿ: (ಅದೇ ಕೋಣೆ, ತಂಗಿ, ಎಡಗೈ ಸಹಿ)