ಗಾಳಿಯ ಬಾಗಿಲು

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ. ತಮ್ಮ ಊರೂರು ಸುತ್ತಿ ಮೂಕಾಭಿನಯ ಮಾಡುವವನು. ಕಿವಿಯ ಹಿಂದೆ ಇನ್ನೂ ಬಿಳಿ ಬಣ್ಣ ಉಳಿದಿತ್ತು.

“ಹನ್ನೆರಡು ವರ್ಷದಿಂದ ಗುರುಗಳು, ಗುರುಗಳು ಅಂತೀಯ. ಒಂದು ಶೋಗಾದ್ರೂ ಬಂದ್ರೇನೋ ಅವರು?”

“ನಿನ್ನೆ ಸಂಜೆ ಬಂದಿದ್ರು ಅಕ್ಕಾ! ನಾನು ಮೊದಲು ಒಂದು ಬಾಗಿಲು ತೆಗೀತೀನಲ್ಲ…”

“ಗೊತ್ತು ಬಿಡು. ಅವರ ಧ್ಯಾನದ ಕೋಣೆಯ ತಗ್ಗು ಬಾಗಿಲು. ಮನೇಲೂ ಅದನ್ನೇ ಮಾಡಿ ನನ್ನ ತಲೆ ತಿಂದಿದ್ದೀಯ. ಹಿಂದೆ ಅವರ ಹತ್ರ ಹೋಗಿ ಮಾಡಿ ತೋರಿಸಿದಾಗ ಅವರೇ ತಾನೆ, ‘ನಿನ್ನ ಕೈ ಕಾಣುತ್ತೆ, ಬಾಗಿಲು ಕಾಣಲ್ಲ’ ಅಂದಿದ್ದು?”

“ಅವರೇ. ಶೋ ಮುಗಿದ್ಮೇಲೆ ಆಶೀರ್ವಾದ ಮಾಡೋಕೆ ವೇದಿಕೆ ಹತ್ತಿದ್ರು. ನಾನು ಬಾಗಿಲು ತೆಗೆದಿದ್ದ ಜಾಗಕ್ಕೆ ಬಂದು ನಿಂತ್ರು. ಚಪ್ಪಲಿ ಬಿಟ್ರು. ತಲೆ ಬಗ್ಗಿಸಿ ಒಳಗೆ ಬಂದ್ರು.”

“ಬರೀ ಗಾಳೀಲಿ?”

“ಬರೀ ಗಾಳೀಲಿ! ಇಡೀ ಸಭೆ ಎದ್ದು ನಿಂತ್ಬಿಡ್ತು ಅಕ್ಕಾ.”

“ಅಯ್ಯೋ ನನ್ನಪ್ಪಾ! ಇದನ್ನ ಫೋನಲ್ಲೇ ಹೇಳಬಾರದಿತ್ತೇನೋ?”

ಬಸ್ ಬಂತು. ತಮ್ಮ ಅಕ್ಕನ ಮುಂದೆ ನಿಂತು, ಗಾಳಿಯಲ್ಲೇ ಚಿಲಕ ಸರಿಸಿದ.

ಅಕ್ಕ ಮೂಗೊರೆಸಿಕೊಂಡು, ತಲೆ ಬಗ್ಗಿಸಿ, ಒಳಗೆ ನಡೆದಳು.